ಓದುಗರ ಸಂದೇಹ: ಅಂಜಲ್ ಏನನ್ನು ತಿಂದು ಬೆಳೆಯುತ್ತದೆ?

ನಮ್ಮ ಕರಾವಳಿಯ ಮೀನುಗಳ ಆಹಾರಕ್ರಮದ ಬಗ್ಗೆ ಪ್ರಶ್ನೆ ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಅಂಜಲ್ ಮೀನಿಗೆ ಸಂಬಂಧಿಸಿದ್ದವಾದ್ದರಿಂದ ಈ ಬಾರಿಯ ಅಂಕಣವನ್ನು ಆ ಒಂದೇ ಮೀನಿಗೆ ಮೀಸಲಿಟ್ಟಿದ್ದೇವೆ. ಉತ್ತರ ಕನ್ನಡದವರು ಇಸ್ವಾಣ ಎಂದು ಕರೆಯುವುದೂ, ಮುಂಬೈ ಕಡೆಯವರಿಗೆ ಸುರ್ಮಯಿ ಆಗಿರುವುದೂ ಇದೇ ಮೀನು. ವಿಜ್ಞಾನಿಗಳ ಪಟ್ಟಿಯಲ್ಲಿ ಇದರ ಹೆಸರು ಸ್ಕಾಂಬರೋಮೋರಸ್ ಕಾಮರ್ಸನ್. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ಅಂಜಲ್ ಸಮುದ್ರದಲ್ಲಿ ಏನನ್ನು ತಿನ್ನುತ್ತದೆ? ಬಂಗುಡೆ ಮತ್ತು ಭೂತಾಯಿಯಂತೆ ಅದೂ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆಯೇ? – ಓದುಗರು, ಶಿವಮೊಗ್ಗ

ಇಲ್ಲ. ಬಂಗುಡೆಯೂ ಅಂಜಲೂ ಒಂದೇ ಕುಟುಂಬಕ್ಕೆ ಸೇರಿದ ಮೀನುಗಳಾದರೂ ಆಹಾರದ ವಿಷಯದಲ್ಲಿ ಅವುಗಳ ದಾರಿ ಸಂಪೂರ್ಣವಾಗಿ ಬೇರೆ. ಬಂಗುಡೆ ಬಾಯಿ ತೆರೆದುಕೊಂಡು ಈಜುತ್ತಾ ನೀರಿನಲ್ಲಿರುವ ಪ್ಲವಕಗಳನ್ನು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳನ್ನೂ ಪ್ರಾಣಿಗಳನ್ನೂ, ಸೋಸಿ ತಿನ್ನುತ್ತದೆ. ಅಂಜಲ್ ಕಣ್ಣಿಟ್ಟು, ಅಟ್ಟಿಸಿಕೊಂಡು ಹೋಗಿ, ಕಚ್ಚಿ ತಿನ್ನುವ ಬೇಟೆಗಾರ. ಅದರ ಆಹಾರದ ಬಹುಪಾಲು ಇತರ ಮೀನುಗಳೇ.

ಈ ವ್ಯತ್ಯಾಸವನ್ನು ನೀವೇ ಕಣ್ಣಾರೆ ಕಾಣಬಹುದು. ಮಾರುಕಟ್ಟೆಯಿಂದ ತಂದ ಬಂಗುಡೆಯ ಬಾಯಿಯನ್ನು ಅಗಲವಾಗಿ ತೆರೆದು ಬೆಳಕಿಗೆ ಹಿಡಿದರೆ, ಕಿವಿರಿನ ಕಮಾನುಗಳ ಒಳಬದಿಯಿಂದ ಹೊರಟ ಉದ್ದನೆಯ, ಒತ್ತೊತ್ತಾದ ಎಳೆಗಳು ಗಂಟಲಿನ ಇಕ್ಕೆಲಗಳಲ್ಲೂ ಸಾಲಾಗಿ ನಿಂತಿರುವುದು ಕಾಣುತ್ತದೆ. ನೀರು ಈ ಎಳೆಗಳ ನಡುವಿನಿಂದ ಹೊರಗೆ ಹೋಗುತ್ತದೆ, ಪ್ಲವಕಗಳು ಒಳಗೇ ಉಳಿಯುತ್ತವೆ. ಅಂಜಲಿನ ಕಿವಿರುಮುಚ್ಚಳವನ್ನು ಎತ್ತಿ ಮೊದಲ ಕಮಾನನ್ನು ಪರೀಕ್ಷಿಸಿದರೆ ಅಲ್ಲಿ ಒಂದರಿಂದ ಎಂಟರವರೆಗೆ ಮೊಂಡು ಮುಳ್ಳುಗಳಿರುತ್ತವೆ, ಅಷ್ಟೆ. ಸೋಸುವ ವ್ಯವಸ್ಥೆಯೇ ಅದಕ್ಕಿಲ್ಲ. ಅದರ ಬದಲಿಗೆ ಎರಡೂ ದವಡೆಗಳಲ್ಲಿ ಚಪ್ಪಟೆಯಾದ, ತ್ರಿಕೋನಾಕಾರದ, ಅಂಚು ಹರಿತವಾದ ಹಲ್ಲುಗಳ ಸಾಲಿದೆ. ಮೀನು ಕತ್ತರಿಸುವವರು ಸತ್ತ ಅಂಜಲಿನ ಬಾಯಿಗೂ ಬೆರಳು ತಾಗದಂತೆ ಎಚ್ಚರ ವಹಿಸುವುದು ಇದೇ ಕಾರಣಕ್ಕೆ.

ಇನ್ನು ಬೇಟೆಯ ಪಟ್ಟಿ. ದಕ್ಷಿಣ ಭಾರತದ ಕಡಲುಗಳಲ್ಲಿ ಹಿಡಿದ ಅಂಜಲ್‌ಗಳ ಹೊಟ್ಟೆಯನ್ನು ಪರೀಕ್ಷಿಸಿದ ಅಧ್ಯಯನಗಳಲ್ಲಿ ಮತ್ತೆಮತ್ತೆ ಕಾಣಿಸಿಕೊಳ್ಳುವುದು ಭೂತಾಯಿಯ ಬಳಗದ ಮೀನುಗಳು, ಕೊಲ್ಲತರು, ಕುರ್ಚಿ, ಬಂಗುಡೆಯ ಮರಿಗಳು ಮತ್ತು ಗುಂಪಾಗಿ ಈಜುವ ಇತರ ಸಣ್ಣ ಮೀನುಗಳು. ಇವುಗಳ ಜೊತೆಗೆ ಬೊಂಡಾಸ್ (ಸ್ಕ್ವಿಡ್) ಮತ್ತು ಸಿಗಡಿ ಕೂಡ ಇರುತ್ತವೆ. ಆದರೆ ಅವುಗಳ ಪಾಲು ಮೀನಿನ ಪಾಲಿಗಿಂತ ಬಹಳ ಕಡಿಮೆ. ಈ ಪಟ್ಟಿಯಲ್ಲಿರುವ ಬಹುತೇಕ ಜೀವಿಗಳು ದಟ್ಟವಾದ ಹಿಂಡುಗಳಲ್ಲಿ ಇರುವಂಥವು ಎಂಬುದನ್ನು ಗಮನಿಸಬೇಕು. ಒಂಟಿ ಮೀನೊಂದನ್ನು ಹುಡುಕಿಕೊಂಡು ಅಲೆಯುವುದಕ್ಕಿಂತ ಹಿಂಡನ್ನು ಪತ್ತೆಹಚ್ಚಿ ಅದರ ಮೇಲೆ ಎರಗುವುದರಲ್ಲಿ ಶ್ರಮ ಕಡಿಮೆ, ಫಲ ಹೆಚ್ಚು. ಆದ್ದರಿಂದಲೇ ಅಂಜಲಿನ ಆಹಾರ ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಒಂದು ಕಡೆ ಕೊಲ್ಲತರು ಹೇರಳವಾಗಿದ್ದರೆ ಹೊಟ್ಟೆಯ ತುಂಬ ಅದೇ ಇರುತ್ತದೆ. ಇನ್ನೊಂದು ಕಡೆ ಭೂತಾಯಿಯ ಹಿಂಡು ಬಂದಿದ್ದರೆ ಅಲ್ಲಿ ಭೂತಾಯಿ. ಈ ಮೀನಿಗೆ ಇಷ್ಟವಾದ ಆಹಾರ ಯಾವುದು ಎಂದು ಕೇಳುವುದಕ್ಕಿಂತ, ಅದು ಈಜುತ್ತಿರುವ ನೀರಿನಲ್ಲಿ ಆ ಹೊತ್ತಿಗೆ ಹೆಚ್ಚಾಗಿರುವ ಸಣ್ಣ ಮೀನು ಯಾವುದು ಎಂದು ಕೇಳುವುದು ಹೆಚ್ಚು ಸರಿ.

ಪ್ರಶ್ನೆ: ಹಲವು ವರ್ಷಗಳಿಂದ ಮನೆಯಲ್ಲಿ ಅಂಜಲ್ ಕತ್ತರಿಸುತ್ತಿದ್ದೇನೆ. ಅದರ ಹೊಟ್ಟೆ ಹೆಚ್ಚಾಗಿ ಖಾಲಿಯೇ ಇರುತ್ತದೆ. ಅಷ್ಟು ದೊಡ್ಡ ಬೇಟೆಗಾರ ಮೀನಿನ ಹೊಟ್ಟೆಯಲ್ಲಿ ಏನೂ ಇಲ್ಲದಿರುವುದು ಹೇಗೆ? – ಗೃಹಿಣಿ, ಉಡುಪಿ

ನಿಮ್ಮ ಗಮನಿಕೆ ಬಹಳ ಸರಿಯಾಗಿದೆ, ಮತ್ತು ಈ ಪ್ರಶ್ನೆ ಮೀನು ವಿಜ್ಞಾನಿಗಳನ್ನೂ ಕಾಡಿದ್ದೇ ಆಗಿದೆ. ಬೇಟೆಯಾಡಿ ತಿನ್ನುವ ಮೀನುಗಳ ಆಹಾರದ ಬಗೆಗಿನ ಯಾವುದೇ ವರದಿಯಲ್ಲಿ ಖಾಲಿ ಹೊಟ್ಟೆಗಳ ಲೆಕ್ಕಕ್ಕೆ ಒಂದು ಪ್ರತ್ಯೇಕ ಸಾಲು ಇದ್ದೇ ಇರುತ್ತದೆ. ಇದಕ್ಕೆ ಕಾರಣಗಳು ಹಲವು, ಮತ್ತು ಅವು ಒಂದರೊಡನೊಂದು ಬೆರೆತಿರುತ್ತವೆ.

ಮೊದಲನೆಯದಾಗಿ, ಪ್ಲವಕ ತಿನ್ನುವ ಮೀನು ದಿನದ ಬಹುಪಾಲು ಸಮಯ ಸ್ವಲ್ಪಸ್ವಲ್ಪವೇ ತಿನ್ನುತ್ತಿರುತ್ತದೆ. ಅದರ ಹೊಟ್ಟೆಯಲ್ಲಿ ಯಾವಾಗಲೂ ಏನಾದರೂ ಇರುತ್ತದೆ. ಬೇಟೆಯ ಮೀನು ಹಾಗಲ್ಲ. ಹಿಂಡು ಸಿಕ್ಕಾಗ ಒಮ್ಮೆಗೆ ಹೊಟ್ಟೆ ತುಂಬಿಸಿಕೊಂಡು, ಮುಂದಿನ ಹಿಂಡು ಸಿಗುವವರೆಗೆ ಹಾಗೆಯೇ ಇರುತ್ತದೆ. ನಮ್ಮ ಕಡಲಿನ ನೀರು ಬೆಚ್ಚಗಿರುವುದರಿಂದ ನುಂಗಿದ ಸಣ್ಣ ಮೀನು ಬೇಗನೆ ಕರಗಿಹೋಗುತ್ತದೆ. ಹಾಗಾಗಿ ಬಲೆಗೆ ಬೀಳುವ ಹೊತ್ತಿಗೆ ಅದು ತುಂಬಿದ ಹೊಟ್ಟೆಯಲ್ಲಿರುವ ಸಾಧ್ಯತೆಗಿಂತ ಬರಿ ಹೊಟ್ಟೆಯಲ್ಲಿರುವ ಸಾಧ್ಯತೆಯೇ ಹೆಚ್ಚು.

ಎರಡನೆಯ ಕಾರಣ, ಹಿಡಿಯುವ ವಿಧಾನ. ಗಾಳಕ್ಕೆ ಬೀಳುವುದು ಹಸಿದ ಮೀನು. ಹೊಟ್ಟೆ ತುಂಬಿದ್ದು ಗಾಳದ ಎರೆಯತ್ತ ಅಷ್ಟಾಗಿ ಬಾರದು. ಆದ್ದರಿಂದ ಗಾಳದಲ್ಲಿ ಹಿಡಿದ ಅಂಜಲ್‌ಗಳನ್ನಷ್ಟೇ ನೋಡಿದರೆ ಇಡೀ ಕಡಲಿನ ಅಂಜಲ್‌ಗಳು ಉಪವಾಸವಿವೆ ಎಂಬ ತಪ್ಪು ಚಿತ್ರಣ ಸಿಗುತ್ತದೆ. ಇಳಿಬಿಟ್ಟ ಬಲೆಯಲ್ಲಿ ರಾತ್ರಿ ಸಿಕ್ಕಿಬಿದ್ದ ಮೀನು ಬೆಳಗ್ಗೆ ಬಲೆ ಎಳೆಯುವವರೆಗೆ ಅಲ್ಲೇ ಇರುತ್ತದೆ. ಸತ್ತ ಮೇಲೂ ಹೊಟ್ಟೆಯೊಳಗಿನ ಜೀರ್ಣರಸಗಳು ಕೆಲಸ ಮಾಡುತ್ತಲೇ ಇರುತ್ತವೆ. ಇದಲ್ಲದೆ, ಸಿಕ್ಕಿಬಿದ್ದು ಒದ್ದಾಡುವಾಗ ಹೊಟ್ಟೆಯಲ್ಲಿದ್ದುದನ್ನು ಬಾಯಿಯಿಂದ ಹೊರಗೆ ಕಾರಿಕೊಳ್ಳುವುದೂ ಇಂಥ ಮೀನುಗಳಲ್ಲಿ ಸಾಮಾನ್ಯ. ಅಂಜಲಿನ ಹೊಟ್ಟೆ ಹಿಂದಕ್ಕೆ ಉದ್ದವಾಗಿ ಚಾಚಿದ ಒಂದು ಚೀಲ. ಅದರ ಬಾಯಿ ಅಗಲವಾಗಿರುವುದರಿಂದ ನುಂಗಿದ್ದು ಹೊರಬರುವುದೂ ಸುಲಭ.

ಹೊಟ್ಟೆಯಲ್ಲಿ ಸಿಕ್ಕಿದ್ದನ್ನು ಗುರುತಿಸುವುದೂ ತಾಳ್ಮೆಯ ಕೆಲಸ. ಹೆಚ್ಚಿನ ಸಲ ಅಲ್ಲಿ ಇಡೀ ಮೀನು ಸಿಗುವುದಿಲ್ಲ. ಬೂದುಬಣ್ಣದ ಮುದ್ದೆ, ಒಂದು ಬೆನ್ನೆಲುಬಿನ ತುಂಡು, ಕೆಲವು ಹುರುಪೆ, ಅಷ್ಟೆ. ಆಗ ಸಂಶೋಧಕರು ಬೆನ್ನೆಲುಬಿನ ಮಣಿಗಳ ಆಕಾರವನ್ನೂ ತಲೆಬುರುಡೆಯೊಳಗಿನ ಕಿವಿಗಲ್ಲನ್ನೂ ನೋಡಿ ಇದು ಯಾವ ಮೀನು ಎಂದು ನಿರ್ಧರಿಸುತ್ತಾರೆ. ಕಲ್ಲೂರು ಮೀನಿನ ತಲೆಯಲ್ಲಿ ಬಿಳಿಯ ಕಲ್ಲು ಸಿಗುವುದನ್ನು ನೀವು ನೋಡಿಯೇ ಇರುತ್ತೀರಿ. ಗಾತ್ರದಲ್ಲಿ ಅದಕ್ಕಿಂತ ಬಹಳ ಸಣ್ಣದಾದರೂ ಅಂಥ ಕಲ್ಲು ಭೂತಾಯಿಯಲ್ಲೂ ಕೊಲ್ಲತರುವಿನಲ್ಲೂ ಇದೆ, ಮತ್ತು ಪ್ರತಿ ಜಾತಿಗೂ ಅದರ ಆಕಾರ ಬೇರೆ. ಬೊಂಡಾಸ್ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅದರ ಮೈ ಬೇಗ ಕರಗಿದರೂ ಗಟ್ಟಿಯಾದ ಕೊಕ್ಕು ಮಾತ್ರ ಬಹಳ ಕಾಲ ಹೊಟ್ಟೆಯಲ್ಲಿ ಉಳಿದುಬಿಡುವುದರಿಂದ, ಕೊಕ್ಕುಗಳನ್ನಷ್ಟೇ ಎಣಿಸಿದರೆ ಆ ಮೀನು ನಿಜವಾಗಿ ತಿಂದದ್ದಕ್ಕಿಂತ ಹೆಚ್ಚು ಬೊಂಡಾಸ್ ತಿಂದಂತೆ ಕಾಣುತ್ತದೆ. ಈ ಕಾರಣದಿಂದಲೇ ಎಣಿಕೆಯೊಂದನ್ನೇ ನಂಬದೆ, ಒಂದು ಬಗೆಯ ಆಹಾರ ಎಷ್ಟು ಹೊಟ್ಟೆಗಳಲ್ಲಿ ಸಿಕ್ಕಿತು, ಎಷ್ಟು ಸಂಖ್ಯೆಯಲ್ಲಿ ಸಿಕ್ಕಿತು, ಅದರ ಗಾತ್ರ ಅಥವಾ ತೂಕ ಎಷ್ಟು ಎಂಬ ಮೂರನ್ನೂ ಸೇರಿಸಿ ಲೆಕ್ಕಹಾಕುವ ಕ್ರಮ 1971ರಿಂದ ಬಳಕೆಗೆ ಬಂದಿದೆ. ಈಚೆಗೆ ಮುದ್ದೆಯಾಗಿಹೋದ ಆಹಾರದಿಂದಲೂ ಡಿಎನ್‌ಎ ಪ್ರತ್ಯೇಕಿಸಿ ಜಾತಿಯನ್ನು ಗುರುತಿಸಲು ಸಾಧ್ಯವಾಗಿದೆ.

ಮುಂದಿನ ಸಲ ಹೊಟ್ಟೆ ತುಂಬಿದ ಅಂಜಲ್ ಸಿಕ್ಕಿದರೆ ಎಸೆಯುವ ಮೊದಲು ಒಮ್ಮೆ ಬಿಡಿಸಿ ನೋಡಿ. ಯಾವ ತಿಂಗಳಲ್ಲಿ ಯಾವ ಮೀನು ಸಿಕ್ಕಿತು ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಅದು ಬೆಲೆಯುಳ್ಳ ದಾಖಲೆಯೇ ಆಗುತ್ತದೆ.

ಪ್ರಶ್ನೆ: ಗಾಳದ ಎರೆಯಾಗಿ ಕಟ್ಟಿದ ಮೀನಿನ ಬಾಲವನ್ನಷ್ಟೇ ಅಂಜಲ್ ಕತ್ತರಿಸಿಕೊಂಡು ಹೋಗುವುದನ್ನು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದರು. ಇದು ನಿಜವೇ? ಅದು ಬೇಟೆಯಾಡುವ ಕ್ರಮ ಹೇಗೆ? – ಓದುಗರು, ಭಟ್ಕಳ

ಹಿರಿಯರು ಹೇಳಿದ್ದು ನಿಜ. ದೋಣಿಯ ಹಿಂದೆ ಗಾಳ ಎಳೆದುಕೊಂಡು ಹೋಗಿ ಅಂಜಲ್ ಹಿಡಿಯುವವರು ಎರೆಯ ತಲೆಯ ಬಳಿ ಒಂದು ಕೊಕ್ಕೆಯಿದ್ದರೆ ಬಾಲದ ಬಳಿ ಇನ್ನೊಂದನ್ನು ಸೇರಿಸುವುದು, ಮತ್ತು ಕೊಕ್ಕೆಗೆ ತಾಗಿದ ಭಾಗದಲ್ಲಿ ದಾರದ ಬದಲು ತಂತಿ ಬಳಸುವುದು ಈ ಮೀನಿನ ಕಚ್ಚುವ ಕ್ರಮವನ್ನು ಅರಿತೇ. ನೈಲಾನ್ ದಾರವಾದರೆ ಆ ಹಲ್ಲಿಗೆ ಉಳಿಯುವುದಿಲ್ಲ. ಹಿಂದಿನಿಂದ ಅಟ್ಟಿಸಿಕೊಂಡು ಬರುವ ಅಂಜಲಿಗೆ ಮೊದಲು ಸಿಗುವುದು ಬೇಟೆಯ ಹಿಂಭಾಗ. ಬಾಲ ಹೋದ ಮೀನು ಮತ್ತೆ ತಪ್ಪಿಸಿಕೊಳ್ಳಲಾರದು. ಕೊಲ್ಲತರುವಿನಂಥ ಸಣ್ಣ ಮೀನುಗಳನ್ನು ಅದು ಇಡಿಯಾಗಿಯೇ ನುಂಗುತ್ತದೆ. ಬೇಟೆ ದೊಡ್ಡದಾದಾಗ ಹಲ್ಲು ಕತ್ತರಿಯ ಕೆಲಸ ಮಾಡುತ್ತದೆ.

ಈ ಬೇಟೆಗೆ ತಕ್ಕಂತೆ ಅದರ ಮೈ ರೂಪುಗೊಂಡಿರುವುದನ್ನು ನೋಡುವಾಗ ನನಗೆ ಪ್ರತಿ ಸಲವೂ ಬೆರಗೆನಿಸುತ್ತದೆ. ಎರಡು ಬದಿಯಿಂದ ಸ್ವಲ್ಪ ಒತ್ತಿದಂತಿರುವ ಉದ್ದನೆಯ ದೇಹ, ಆಳವಾಗಿ ಕವಲೊಡೆದ ಬಾಲ, ಬಾಲದ ಬುಡದಲ್ಲಿ ಎರಡೂ ಬದಿಗೆ ಎದ್ದುನಿಂತ ಏಣುಗಳು, ಬೆನ್ನಿನ ಮೇಲೂ ಕೆಳಗೂ ಬಾಲದವರೆಗೆ ಸಾಲಾಗಿ ಬರುವ ಪುಟ್ಟಪುಟ್ಟ ಕಿರುರೆಕ್ಕೆಗಳು, ಇವೆಲ್ಲ ನೀರಿನ ತಡೆಯನ್ನು ತಗ್ಗಿಸಿ ವೇಗವನ್ನು ಹೆಚ್ಚಿಸುವ ರಚನೆಗಳು. ವೇಗವಾಗಿ ಹೋಗುವಾಗ ಮುಂದಿನ ಬೆನ್ನುರೆಕ್ಕೆಯನ್ನು ಅದು ಬೆನ್ನಿನ ಮೇಲಿರುವ ಒಂದು ತೋಡಿನೊಳಕ್ಕೆ ಮಡಚಿಕೊಳ್ಳುತ್ತದೆ. ಮನೆಗೆ ತಂದ ಮೀನಿನಲ್ಲೂ ಬೆರಳಿನಿಂದ ಆ ರೆಕ್ಕೆಯನ್ನು ಎಬ್ಬಿಸಿ, ಮತ್ತೆ ಒತ್ತಿ, ಅದು ಹೇಗೆ ಮರೆಯಾಗುತ್ತದೆ ಎಂದು ನೋಡಬಹುದು.

ಬೇರೆ ಅನೇಕ ಮೀನುಗಳಲ್ಲಿ ತೇಲಲು ನೆರವಾಗುವ ಗಾಳಿಚೀಲ ಅಂಜಲಿನಲ್ಲಿ ಇಲ್ಲ. ಈಜುವುದನ್ನು ನಿಲ್ಲಿಸಿದರೆ ಅದು ಮುಳುಗತೊಡಗುತ್ತದೆ. ಕಿವಿರಿಗೆ ಸಾಕಷ್ಟು ನೀರು ಹರಿಯಬೇಕಾದರೂ ಅದು ಮುಂದಕ್ಕೆ ಸಾಗುತ್ತಲೇ ಇರಬೇಕು. ಗಾಳಿಚೀಲ ಇಲ್ಲದಿರುವುದರಿಂದ ಲಾಭವೂ ಇದೆ. ಗಾಳಿಚೀಲವುಳ್ಳ ಮೀನು ಆಳದಿಂದ ಥಟ್ಟನೆ ಮೇಲೆ ಬಂದರೆ ಆ ಚೀಲ ಉಬ್ಬಿ ತೊಂದರೆ ಕೊಡುತ್ತದೆ, ಅಂಜಲಿಗೆ ಆ ಹಂಗಿಲ್ಲ. ಹಿಂಡಿನ ಕೆಳಗಿನಿಂದ ನೇರವಾಗಿ ಮೇಲಕ್ಕೆ ನುಗ್ಗಿ, ಅದೇ ವೇಗದಲ್ಲಿ ನೀರಿನಿಂದ ಹೊರಕ್ಕೆ ಚಿಮ್ಮುವುದು ಅದಕ್ಕೆ ಸಾಧ್ಯವಾಗಿರುವುದರಲ್ಲಿ ಇದರ ಪಾತ್ರವೂ ಇದೆ. ಇಷ್ಟೆಲ್ಲ ಓಡಾಟಕ್ಕೆ ಬೇಕಾದ ಶಕ್ತಿಯನ್ನು ಒದಗಿಸಲು ಅದು ಹೆಚ್ಚು ತಿನ್ನಲೇಬೇಕಾಗುತ್ತದೆ. ಕೇದರದಂಥ (ಟ್ಯೂನಾ) ಮೀನುಗಳಿಗೆ ಮೈಯ ಶಾಖವನ್ನು ಹಿಡಿದಿಟ್ಟುಕೊಳ್ಳುವ ರಕ್ತನಾಳಗಳ ಏರ್ಪಾಡು ಇರುತ್ತದೆ, ಅಂಜಲಿಗೆ ಅದಿಲ್ಲ.

ಪ್ರಶ್ನೆ: ಅಂಜಲ್ ಹಗಲು ತಿನ್ನುತ್ತದೆಯೇ, ರಾತ್ರಿಯೇ? – ವಿದ್ಯಾರ್ಥಿ, ಕಾರವಾರ

ಅದು ಮುಖ್ಯವಾಗಿ ಕಣ್ಣನ್ನು ನಂಬಿ ಬೇಟೆಯಾಡುವ ಮೀನು. ಮುಂಜಾನೆ ಮತ್ತು ಮುಸ್ಸಂಜೆಯ ಹೊತ್ತಿನಲ್ಲಿ ಅದು ಚುರುಕಾಗಿರುತ್ತದೆ ಎಂಬುದು ಗಾಳದವರ ಅನುಭವ. ಆದರೂ ನೀರು ರಾಡಿಯಾಗಿರುವಲ್ಲಿ, ಉಪ್ಪಿನಂಶ ಕಡಿಮೆಯಿರುವಲ್ಲಿ ಕೂಡ ಅದು ಕಾಣಸಿಗುತ್ತದೆ. ರಾತ್ರಿಯ ಬಲೆಗೆ ಕತ್ತಲ ಪಕ್ಷದಲ್ಲಿ ಹೆಚ್ಚು ಅಂಜಲ್ ಬೀಳುವುದು ಅದು ಆಗ ಹೆಚ್ಚು ತಿನ್ನುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ. ಬೆಳದಿಂಗಳಿದ್ದರೆ ಅದರ ಕಣ್ಣಿಗೆ ಬಲೆ ಕಾಣುತ್ತದೆ.

ಪ್ರಶ್ನೆ: ಮೊಟ್ಟೆಯಿಂದ ಹೊರಬಂದ ಅಂಜಲ್ ಮರಿ ಮೊದಲು ಏನು ತಿನ್ನುತ್ತದೆ? ಮೋಡ (ಕೋಬಿಯಾ) ಮೀನನ್ನು ಪಂಜರದಲ್ಲಿ ಸಾಕುವಂತೆ ಅಂಜಲನ್ನೂ ಸಾಕಲು ಏಕೆ ಆಗುವುದಿಲ್ಲ? – ಮೀನು ಕೃಷಿಯಲ್ಲಿ ಆಸಕ್ತರು, ಕುಮಟಾ

ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಎರಡನೆಯದಕ್ಕೆ ಉತ್ತರ ಮೊದಲನೆಯದರಲ್ಲೇ ಇದೆ.

ಸಮುದ್ರದ ಹೆಚ್ಚಿನ ಮೀನುಗಳ ಮರಿಗಳು, ಮುಂದೆ ಬೆಳೆದು ಬೇಟೆಗಾರರಾಗುವಂಥವೂ ಸಹ, ಬಾಳಿನ ಮೊದಲ ದಿನಗಳಲ್ಲಿ ಸೂಕ್ಷ್ಮ ಪ್ರಾಣಿಪ್ಲವಕಗಳನ್ನೇ ತಿನ್ನುತ್ತವೆ. ಅಂಜಲ್ ಬಳಗದ ಮರಿಗಳು ಇದಕ್ಕೆ ಹೊರತು. ಮೊಟ್ಟೆಯ ಹಳದಿ ಭಾಗ ಮುಗಿದು ಬಾಯಿ ತೆರೆದುಕೊಂಡ ಕೂಡಲೇ ಅವು ಇತರ ಮೀನುಗಳ ಮರಿಗಳ ಮೇಲೆ ಎರಗತೊಡಗುತ್ತವೆ. ಮಿಲಿಮೀಟರ್‌ಗಳಲ್ಲಿ ಅಳೆಯುವ ಆ ಗಾತ್ರದಲ್ಲೇ ಮೈಗೆ ಹೋಲಿಸಿದರೆ ದೊಡ್ಡದಾದ ತಲೆ, ಅಗಲ ಬಾಯಿ ಮತ್ತು ಹಲ್ಲುಗಳು ಅವಕ್ಕಿರುತ್ತವೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಒಳಗಿನ ನೀರಿನಲ್ಲಿ ಸಂಗ್ರಹಿಸಿದ ಈ ಬಳಗದ ಮರಿಗಳ ಹೊಟ್ಟೆಯಲ್ಲಿ ಸಿಕ್ಕಿದ್ದು ಮುಖ್ಯವಾಗಿ ಬೇರೆ ಮೀನುಗಳ ಲಾರ್ವಾಗಳು. ಇಂಥ ಆಹಾರ ಸಿಕ್ಕುವುದರಿಂದಲೇ ಅವುಗಳ ಬೆಳವಣಿಗೆ ಅಸಾಧಾರಣ ವೇಗದ್ದು; ಒಂದು ವರ್ಷ ತುಂಬುವುದರೊಳಗೆ ಅಂಜಲ್ ಅರ್ಧ ಮೀಟರ್ ಉದ್ದವನ್ನು ದಾಟಬಲ್ಲದು. ದಾಖಲಾದ ಗರಿಷ್ಠ ಉದ್ದ 240 ಸೆಂಟಿಮೀಟರ್, ತೂಕ 70 ಕಿಲೋ.

ಈಗ ಸಾಕಣೆಯ ಮಾತು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ತಮಿಳುನಾಡಿನ ಮಂಡಪಂ ಕೇಂದ್ರದಲ್ಲಿ 2010ರಲ್ಲಿ ಮೋಡ ಮೀನಿನ ಮರಿಗಳನ್ನು ಉತ್ಪಾದಿಸುವಲ್ಲಿ ಯಶಸ್ವಿಯಾಯಿತು. ಮೋಡದ ಮರಿಗಳಿಗೆ ಮೊದಲು ರೋಟಿಫರ್ ಎಂಬ ಸೂಕ್ಷ್ಮಜೀವಿಯನ್ನೂ ನಂತರ ಆರ್ಟೀಮಿಯಾ ಎಂಬ ಸಿಗಡಿಯಂಥ ಪುಟ್ಟ ಜೀವಿಯನ್ನೂ ಕೊಟ್ಟು, ಕ್ರಮೇಣ ಒಣ ಆಹಾರದ ಹರಳುಗಳಿಗೆ ಒಗ್ಗಿಸಬಹುದು. ಅಂಜಲ್ ಬಳಗದ ಮರಿಗೆ ಜೀವಂತ ಮೀನುಮರಿಯೇ ಬೇಕು. ಜಪಾನಿನಲ್ಲಿ ಅಂಜಲಿನ ಹತ್ತಿರದ ನೆಂಟನಾದ ಸವಾರ ಎಂಬ ಮೀನಿನ ಸಂತತಿ ಸೆಟೊ ಒಳಸಮುದ್ರದಲ್ಲಿ ಕುಸಿದಾಗ, ಅದರ ಮರಿಗಳನ್ನು ಬೆಳೆಸಿ ಕಡಲಿಗೆ ಬಿಡುವ ಕೆಲಸವನ್ನು ಕೈಗೆತ್ತಿಕೊಳ್ಳಲಾಯಿತು. ಆ ಮರಿಗಳಿಗೆ ಉಣಿಸಲು ಬೇರೆ ಜಾತಿಯ ಮೀನುಗಳ, ಮುಖ್ಯವಾಗಿ ಕೆಂಪು ಸೀ ಬ್ರೀಮ್‌ನಂಥವುಗಳ, ಈಗಷ್ಟೇ ಹೊರಬಂದ ಮರಿಗಳನ್ನು ಒದಗಿಸಬೇಕಾಯಿತು. ಅಂದರೆ ಒಂದು ಮೀನಿನ ಮರಿಯನ್ನು ಬೆಳೆಸಲು ಪಕ್ಕದಲ್ಲಿ ಇನ್ನೊಂದು ಮೀನಿನ ಮರಿಕೇಂದ್ರ ಇರಬೇಕು. ಆಹಾರ ಸ್ವಲ್ಪ ತಡವಾದರೂ ಮರಿಗಳು ಒಂದನ್ನೊಂದು ತಿನ್ನತೊಡಗುತ್ತವೆ. ಇದರ ಮೇಲೆ, ನಿಲ್ಲದೆ ಈಜುವ, ಹುರುಪೆ ಸಣ್ಣದಾದ ನವಿರು ಚರ್ಮದ ದೊಡ್ಡ ಮೀನನ್ನು ಪಂಜರದ ಬಲೆಗೆ ಉಜ್ಜಿ ಗಾಯವಾಗದಂತೆ ಇರಿಸಿಕೊಳ್ಳುವುದೂ ಕಷ್ಟ. ನಮ್ಮ ತಟ್ಟೆಗೆ ಬರುವ ಅಂಜಲ್ ಇಂದಿಗೂ ಕಡಲಿನದ್ದೇ ಆಗಿರುವುದಕ್ಕೆ ಇವೇ ಕಾರಣಗಳು.

ಪ್ರಶ್ನೆ: ದೊಡ್ಡ ಮೀನುಗಳಲ್ಲಿ ಪಾದರಸ ಇರುತ್ತದೆ ಎಂದು ವೈದ್ಯರು ಹೇಳಿದರು. ಅಂಜಲಿಗೆ ಅದು ಎಲ್ಲಿಂದ ಬರುತ್ತದೆ? ಗರ್ಭಿಣಿಯರು ತಿನ್ನಬಹುದೇ? – ಓದುಗರು, ಬೆಂಗಳೂರು

ಅದು ತಿಂದ ಆಹಾರದಿಂದಲೇ ಬರುತ್ತದೆ. ನೀರಿನಲ್ಲಿರುವ ಅತ್ಯಲ್ಪ ಪಾದರಸವನ್ನು ಬ್ಯಾಕ್ಟೀರಿಯಾಗಳು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅದು ಪ್ಲವಕಗಳನ್ನು ಸೇರಿ, ಅಲ್ಲಿಂದ ಭೂತಾಯಿಗೆ, ಭೂತಾಯಿಯಿಂದ ಅಂಜಲಿಗೆ ದಾಟುತ್ತದೆ. ತಿಂದ ಆಹಾರ ಜೀರ್ಣವಾಗಿ ಶಕ್ತಿಯಾಗಿ ಖರ್ಚಾದರೂ ಈ ಪಾದರಸ ಮಾತ್ರ ಮಾಂಸದಲ್ಲೇ ಉಳಿದು ಕೂಡುತ್ತಾ ಹೋಗುತ್ತದೆ. ಆದ್ದರಿಂದ ಆಹಾರ ಸರಪಳಿಯಲ್ಲಿ ಮೇಲಿರುವ ಮೀನಿನಲ್ಲಿ, ಮತ್ತು ಅದರಲ್ಲೂ ವಯಸ್ಸಾದ ದೊಡ್ಡ ಮೀನಿನಲ್ಲಿ, ಅದು ಹೆಚ್ಚು. ಅಟ್ಲಾಂಟಿಕ್ ಸಾಗರದಲ್ಲಿರುವ ಅಂಜಲಿನ ಸೋದರ ಜಾತಿಯಾದ ಕಿಂಗ್ ಮ್ಯಾಕರೆಲ್ ಅನ್ನು ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು ಮಕ್ಕಳು ತಿನ್ನಬಾರದ ಮೀನುಗಳ ಪಟ್ಟಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಇರಿಸಿದೆ. ನಮ್ಮ ಅಂಜಲ್ ಅದೇ ಜಾತಿಯಲ್ಲ. ಆದರೂ ಗರ್ಭಿಣಿಯರು ದೊಡ್ಡ ಅಂಜಲಿನ ತುಂಡುಗಳ ಬದಲು ಭೂತಾಯಿ, ಬಂಗುಡೆ, ಕೊಲ್ಲತರುಗಳನ್ನು ಆರಿಸಿಕೊಳ್ಳುವುದು ಜಾಣತನ ಎಂದು ನನ್ನ ಅಭಿಪ್ರಾಯ. ಮೀನಿನಿಂದ ದೊರೆಯಬೇಕಾದ ಒಮೇಗಾ-3 ಕೊಬ್ಬು ಭೂತಾಯಿಯಲ್ಲಿ ಧಾರಾಳವಾಗಿದೆ. ನಿಮ್ಮ ವೈದ್ಯರ ಸಲಹೆಯೇ ಅಂತಿಮ.

ಆಹಾರದ ಮೂಲಕವೇ ಬರುವ ಇನ್ನೊಂದು ವಿಷವೂ ಇದೆ. ಹವಳದ ದಿಬ್ಬಗಳ ಪಾಚಿಗೆ ಅಂಟಿಕೊಂಡಿರುವ ಒಂದು ಬಗೆಯ ಸೂಕ್ಷ್ಮಜೀವಿಯ ವಿಷ ಸಣ್ಣ ಮೀನುಗಳ ಮೂಲಕ ಬೇಟೆಗಾರ ಮೀನುಗಳನ್ನು ಸೇರಿ, ಅವುಗಳನ್ನು ತಿಂದವರಿಗೆ ಸಿಗುವಾಟೆರಾ ಎಂಬ ಕಾಯಿಲೆ ತರುತ್ತದೆ. ಬೇಯಿಸುವುದರಿಂದ ಈ ವಿಷ ಹೋಗುವುದಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಅಂಜಲಿನಿಂದ ಈ ತೊಂದರೆಯಾದ ಪ್ರಕರಣಗಳು ಹಲವಾರು. ಅಲ್ಲಿಯ ಪ್ಲಾಟಿಪಸ್ ಕೊಲ್ಲಿಯಲ್ಲಿ ಅಂಜಲ್ ಹಿಡಿಯುವುದನ್ನೇ ನಿಷೇಧಿಸಲಾಗಿದೆ.

ಪ್ರಶ್ನೆ: ಭೂತಾಯಿ ಕಡಿಮೆಯಾದ ವರ್ಷ ಅಂಜಲೂ ಕಡಿಮೆಯಾಗುತ್ತದೆಯೇ? – ಮೀನುಗಾರರು, ಗಂಗೊಳ್ಳಿ

ಕಡಲಿನಲ್ಲಿ ಲೆಕ್ಕ ಅಷ್ಟು ನೇರವಾಗಿಲ್ಲ, ಆದರೆ ನಿಮ್ಮ ಆತಂಕಕ್ಕೆ ಆಧಾರವಿದೆ.

ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಯ ಉದ್ದಕ್ಕೂ ಆಳದ ತಂಪಾದ, ಪೋಷಕಾಂಶ ತುಂಬಿದ ನೀರು ಮೇಲಕ್ಕೆ ಬರುತ್ತದೆ. ಬಿಸಿಲು ಬಿದ್ದೊಡನೆ ಸಸ್ಯಪ್ಲವಕಗಳು ಹೆಚ್ಚುತ್ತವೆ, ಅವುಗಳನ್ನು ತಿನ್ನಲು ಭೂತಾಯಿ, ಬಂಗುಡೆ, ಕೊಲ್ಲತರುಗಳ ಹಿಂಡುಗಳು ದಡದತ್ತ ಬರುತ್ತವೆ, ಅವುಗಳ ಬೆನ್ನಿಗೆ ಅಂಜಲ್ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದ ಮೇಲೆ ಅಂಜಲಿನ ಹಂಗಾಮು ಶುರುವಾಗುವುದು ಈ ಸಾಲಿನ ಕೊನೆಯ ಕೊಂಡಿ. ಒಂದು ಹಂತದ ಆಹಾರದಲ್ಲಿ ಸರಾಸರಿ ಹತ್ತನೆಯ ಒಂದು ಪಾಲು ಮಾತ್ರ ಮೇಲಿನ ಹಂತದ ಜೀವಿಯ ಮೈಯಾಗಿ ಉಳಿಯುತ್ತದೆ ಎಂಬುದು ಪರಿಸರ ವಿಜ್ಞಾನದ ಸ್ಥೂಲ ಲೆಕ್ಕ. ಅದರ ಪ್ರಕಾರ ಒಂದು ಕಿಲೋ ಅಂಜಲ್ ಬೆಳೆಯಲು ಸುಮಾರು ಹತ್ತು ಕಿಲೋ ಸಣ್ಣ ಮೀನು ಬೇಕು.

ಅಂಜಲ್ ಒಂದೇ ಬಗೆಯ ಬೇಟೆಯನ್ನು ನೆಚ್ಚಿಕೊಂಡಿಲ್ಲದಿರುವುದರಿಂದ ಭೂತಾಯಿ ಇಲ್ಲದ ವರ್ಷ ಕೊಲ್ಲತರು, ಕುರ್ಚಿ, ಬೊಂಡಾಸ್‌ಗಳತ್ತ ತಿರುಗಿ ಬದುಕಿಕೊಳ್ಳುತ್ತದೆ, ಅಥವಾ ಹಿಂಡು ಇರುವಲ್ಲಿಗೆ ವಲಸೆ ಹೋಗುತ್ತದೆ. ನಿಮ್ಮ ಬಲೆಗೆ ಅದು ಬೀಳದಿರುವುದರ ಅರ್ಥ ಅದು ಸತ್ತುಹೋಗಿದೆ ಎಂದಲ್ಲ, ನಿಮ್ಮ ನೀರಿಗೆ ಬಂದಿಲ್ಲ ಎಂದೂ ಆಗಿರಬಹುದು. ಆದರೆ ಸಣ್ಣ ಮೀನುಗಳೆಲ್ಲವೂ ಒಟ್ಟಿಗೆ ಕಡಿಮೆಯಾದರೆ ತಿರುಗಲು ದಿಕ್ಕೇ ಇರುವುದಿಲ್ಲ. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಇದ್ದ ಭೂತಾಯಿಯ ಇಳುವರಿ 2021ರಲ್ಲಿ 3,297 ಟನ್‌ಗೆ ಇಳಿದಿತ್ತು. ಭೂತಾಯಿಯ ಏರಿಳಿತದಲ್ಲಿ ಮಳೆ, ನೀರಿನ ಉಷ್ಣತೆ, ಎಲ್ ನಿನೊಗಳ ಕೈವಾಡ ದೊಡ್ಡದು; ಅದನ್ನು ನಾವು ತಡೆಯಲಾರೆವು. ಟ್ರಾಲ್ ಬಲೆಯಲ್ಲಿ ಬರುವ ಬೆರಳುದ್ದದ ಕೊಲ್ಲತರು, ಕುರ್ಚಿ, ಬಂಗುಡೆ ಮರಿಗಳು ಬುಟ್ಟಿಗಟ್ಟಲೆ ಮೀನುಹಿಟ್ಟಿನ ಕಾರ್ಖಾನೆಗಳಿಗೆ ಹೋಗುವುದು ಮಾತ್ರ ನಮ್ಮ ಕೈಯಲ್ಲಿರುವ ವಿಷಯ. ಆ ಮರಿಗಳು ಕಿಲೋಗೆ ಕೆಲವೇ ರೂಪಾಯಿಗೆ ಬಿಕರಿಯಾಗುತ್ತವೆ. ಕಡಲಲ್ಲೇ ಉಳಿದಿದ್ದರೆ ಅದೇ ಮರಿಗಳನ್ನು ತಿಂದು ಬೆಳೆದ ಅಂಜಲ್ ಅದರ ಹಲವು ಪಟ್ಟು ಬೆಲೆಗೆ ನಿಮ್ಮ ಬೋಟಿಗೇ ಬರುತ್ತಿತ್ತು. ಬಲೆಯ ಕಣ್ಣಿನ ಅಳತೆಯ ನಿಯಮವನ್ನು ಅಂಜಲ್ ಹಿಡಿಯುವವರೇ ಮುಂದೆ ನಿಂತು ಕೇಳಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಪ್ರಶ್ನೆ: ಒಂದು ಅಡಿ ಉದ್ದದ ಅಂಜಲ್ ಮಾರುಕಟ್ಟೆಯಲ್ಲಿ ಸಿಗುತ್ತದೆ. ಅದು ಮರಿಯೇ, ಅಥವಾ ಅಷ್ಟೇ ಬೆಳೆಯುವ ಬೇರೆ ಜಾತಿಯೇ? ಅವುಗಳ ಆಹಾರವೂ ಬೇರೆಯೇ? – ಓದುಗರು, ಮಂಗಳೂರು

ಎರಡೂ ಆಗಿರಬಹುದು. ನಮ್ಮ ಕಡಲಿನಲ್ಲಿ ಅಡ್ಡಪಟ್ಟೆಯ ದೊಡ್ಡ ಅಂಜಲಿನ ಜೊತೆಗೆ, ಮೈಮೇಲೆ ದುಂಡು ಚುಕ್ಕೆಗಳಿರುವ ಸ್ಕಾಂಬರೋಮೋರಸ್ ಗಟ್ಟೇಟಸ್ ಎಂಬ ಸಣ್ಣ ಜಾತಿಯೂ ಇದೆ. ಅದು ಹೆಚ್ಚೆಂದರೆ ಮುಕ್ಕಾಲು ಮೀಟರಿನಷ್ಟು ಬೆಳೆಯುತ್ತದೆ, ದಡಕ್ಕೆ ಹತ್ತಿರದ, ಸ್ವಲ್ಪ ರಾಡಿಯಾದ ನೀರಿನಲ್ಲೂ ಇರುತ್ತದೆ, ಕೊಲ್ಲತರುವಿನಂಥ ಪುಟ್ಟ ಮೀನುಗಳನ್ನೂ ಸಿಗಡಿಯನ್ನೂ ತಿನ್ನುತ್ತದೆ. ಪಟ್ಟೆ ನೋಡಿ ಗುರುತಿಸಹೊರಟರೆ ಗೊಂದಲವಾಗುತ್ತದೆ, ಏಕೆಂದರೆ ದೊಡ್ಡ ಅಂಜಲಿನ ಮೈಮೇಲೆ 40ರಿಂದ 50 ಪಟ್ಟೆಗಳಿದ್ದರೆ ಮರಿಯಲ್ಲಿ 20ಕ್ಕಿಂತ ಕಡಿಮೆ ಇರುತ್ತವೆ, ಕೆಲವೊಮ್ಮೆ ಅವು ಚುಕ್ಕೆಗಳಂತೆಯೇ ಕಾಣುತ್ತವೆ. ಮೈಯ ಬದಿಯಲ್ಲಿ ತಲೆಯಿಂದ ಬಾಲದವರೆಗೆ ಹೋಗುವ ಗೆರೆಯನ್ನು ನೋಡಿ. ಎರಡನೆಯ ಬೆನ್ನುರೆಕ್ಕೆ ಮುಗಿಯುವ ಜಾಗದ ಕೆಳಗೆ ಆ ಗೆರೆ ಥಟ್ಟನೆ ಕೆಳಕ್ಕೆ ಬಾಗಿದ್ದರೆ ಅದು ದೊಡ್ಡ ಅಂಜಲಿನ ಮರಿ. ನಿಧಾನವಾಗಿ ಇಳಿಯುತ್ತಾ, ಮುಂಭಾಗದಲ್ಲಿ ಪುಟ್ಟ ಕವಲುಗಳನ್ನು ಚಾಚಿದ್ದರೆ ಅದು ಚುಕ್ಕೆಯ ಜಾತಿ. ದೊಡ್ಡ ಅಂಜಲ್ ಮೊದಲ ಸಲ ಮೊಟ್ಟೆಯಿಡುವ ಹಂತಕ್ಕೆ ಬರುವುದು ಸುಮಾರು 70 ಸೆಂಟಿಮೀಟರ್ ಉದ್ದವಾದಾಗ. ಒಂದು ಅಡಿಯದ್ದಕ್ಕೆ ಇನ್ನೂ ಒಂದು ವರ್ಷವೂ ತುಂಬಿರುವುದಿಲ್ಲ.